‘ವಯಸ್ಸಾಯಿತು, ಬಿಡಿ’ ಎನ್ನುವ ಮೊದಲು: ಅಲ್ಝೈಮರ್ ಕುರಿತು ನರರೋಗ ತಜ್ಞರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಮನೆಯ ಹಿರಿಯರನ್ನು ನೋಡಿಕೊಳ್ಳುತ್ತಿರುವವರ ಈ ಗುಂಪಿನಲ್ಲಿ ಈ ವಾರ ಹುಬ್ಬಳ್ಳಿಯ ನರರೋಗ ತಜ್ಞೆಯೊಬ್ಬರು ಉತ್ತರಿಸುತ್ತಾರೆ. ರೋಗಿಯ ಹೆಸರು, ಫೋನ್ ನಂಬರ್, ವರದಿಗಳ ಫೋಟೊ ಹಾಕಬೇಡಿ.

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ): ನಮಸ್ಕಾರ ಮೇಡಂ. ನಮ್ಮ ಅತ್ತೆಗೆ 71 ವರ್ಷ. ವರ್ಷದಿಂದೀಚೆಗೆ ಕೇಳಿದ್ದನ್ನೇ ಕೇಳುತ್ತಾರೆ, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ಜೀವಮಾನವಿಡೀ ರೊಟ್ಟಿ ಬಡಿದವರು, ಈಗ ಎಸರು ಇಡುವುದನ್ನೇ ಮರೆತು ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸುತ್ತಾರೆ. ರೊಟ್ಟಿ ಹರಿದರೆ ಹಿಟ್ಟು ಸರಿಯಿಲ್ಲ ಎಂದು ಸಿಟ್ಟಾಗುತ್ತಾರೆ. ಅದನ್ನೆಲ್ಲ ತಡೆದುಕೊಳ್ಳಬಹುದು. ಆದರೆ ಬಂಗಾರದ ಬಳೆಗಳನ್ನು ತಾವೇ ಎಲ್ಲೋ ಇಟ್ಟು, ನಾನು ಕದ್ದು ತವರಿಗೆ ಸಾಗಿಸಿದೆ ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ನಾದಿನಿಯರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನಮ್ಮ ಯಜಮಾನರು ‘ಅರಳುಮರಳು, ಬಿಡು’ ಎನ್ನುತ್ತಾರೆ. ಇದು ಕಾಯಿಲೆಯೇ, ಇಲ್ಲ ಮೊದಲಿನಿಂದ ನನ್ನ ಮೇಲಿದ್ದ ಸಿಟ್ಟೇ?

ಉತ್ತರ: ತಂಗಿ, ಪರೀಕ್ಷಿಸದೆ ಕಾಯಿಲೆಗೆ ಹೆಸರಿಡಲಾರೆ. ಆದರೆ ನೀವು ಬರೆದದ್ದು ಸಿಟ್ಟಿನಂತೆ ಕಾಣುವುದಿಲ್ಲ, ಕಾಯಿಲೆಯಂತೆಯೇ ಕಾಣುತ್ತದೆ. ಬಳೆಯನ್ನು ಇಟ್ಟ ಘಳಿಗೆ ಅವರ ಮೆದುಳಿನಲ್ಲಿ ದಾಖಲಾಗಿಯೇ ಇರುವುದಿಲ್ಲ. ಇಟ್ಟದ್ದೇ ಗೊತ್ತಿಲ್ಲದವರಿಗೆ ವಸ್ತು ಕಾಣದಾದಾಗ ತೋಚುವ ಕಾರಣ ಒಂದೇ, ಯಾರೋ ಒಯ್ದಿದ್ದಾರೆ ಎಂಬುದು. ದಿನವಿಡೀ ಕಣ್ಣೆದುರು ಇರುವವರು, ಊಟ ಬಡಿಸುವವರು, ಮಾತ್ರೆ ಕೊಡುವವರು ಯಾರೋ ಅವರ ಮೇಲೆಯೇ ಆರೋಪ ಬೀಳುತ್ತದೆ. ಹೆಚ್ಚು ಸೇವೆ ಮಾಡುವವರೇ ಹೆಚ್ಚು ಮಾತು ಕೇಳಬೇಕಾಗಿ ಬರುವ ಕ್ರೂರ ಕಾಯಿಲೆ ಇದು.

ಅಲ್ಝೈಮರ್ ಎಂಬ ಮರೆವಿನ ಕಾಯಿಲೆಯ ಚರಿತ್ರೆ ಶುರುವಾಗುವುದೇ ಇಂಥ ಅನುಮಾನದಿಂದ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಔಗಸ್ಟೆ ಡೆಟೆರ್ ಎಂಬ 51 ವರ್ಷದ ಮಹಿಳೆ ದಾಖಲಾದರು. ಆಕೆಯಲ್ಲಿ ಮೊದಲು ಕಂಡ ಲಕ್ಷಣ ಗಂಡನ ಮೇಲಿನ ಅನುಮಾನ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ವೈದ್ಯ ಅಲೋಯಿಸ್ ಅಲ್ಝೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳ ನಡುವೆ ಹೆಪ್ಪುಗಟ್ಟಿದ ಪದಾರ್ಥ, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು ಕಂಡವು. ಮೊದಲನೆಯದು ಅಮಿಲಾಯ್ಡ್, ಎರಡನೆಯದು ಟಾವ್ ಎಂಬ ಪ್ರೋಟೀನ್. ಹೊಸ ನೆನಪುಗಳನ್ನು ಹಿಡಿದಿಡುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಬೇಗ ಹಾನಿಯಾಗುತ್ತದೆ. ಹಾಗಾಗಿ ನಲವತ್ತು ವರ್ಷದ ಹಿಂದಿನ ಮದುವೆಯ ಸುದ್ದಿ ನೆನಪಿದ್ದು ಬೆಳಗಿನ ಉಪಾಹಾರ ನೆನಪಿರದೆ ಹೋಗಬಹುದು.

ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಬಳೆಗಿಂತ ರೊಟ್ಟಿ. ವಯಸ್ಸಿನ ಸಹಜ ಮರೆವು ಹೆಸರನ್ನು ಮರೆಸುತ್ತದೆ, ಕೈಯಲ್ಲಿ ಕೂತ ಕೆಲಸವನ್ನು ಕಸಿದುಕೊಳ್ಳುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರಿಗೆ ಗಡಿಯಾರದ ಚಿತ್ರ ಬರೆಯಿರಿ ಎಂದರೆ ಅದು ನ್ಯಾಯವಾದ ಪರೀಕ್ಷೆಯಾಗುವುದಿಲ್ಲ. ಅವರನ್ನು ನಾನು ರೊಟ್ಟಿ ಮಾಡುವ ಕ್ರಮ ಹೇಳಿ ಎಂದು ಕೇಳುತ್ತೇನೆ. ಎಸರು, ಹಿಟ್ಟು, ನಾದುವುದು, ಬಡಿಯುವುದು, ಹಂಚು, ನೀರು ಸವರುವುದು: ಈ ಸರಣಿ ಎಲ್ಲಿ ಕಡಿಯುತ್ತದೆ ಎಂಬುದರಿಂದ ಬಹಳಷ್ಟು ತಿಳಿಯುತ್ತದೆ.

ಇನ್ನು, ಅಲ್ಝೈಮರ್ ಎಂದು ತೀರ್ಮಾನಿಸುವ ಮುನ್ನ ಸರಿಪಡಿಸಬಹುದಾದ ಕಾರಣಗಳನ್ನು ಹುಡುಕಲೇಬೇಕು. ಥೈರಾಯ್ಡ್ ಕೊರತೆ, ಖಿನ್ನತೆ, ಹಿಂದೆಂದೋ ಬಿದ್ದು ತಲೆಯೊಳಗೆ ನಿಧಾನವಾಗಿ ಸೇರಿದ ರಕ್ತ, ಮೆದುಳಿನಲ್ಲಿ ನೀರು ತುಂಬುವುದು, ಇವೆಲ್ಲ ಮರೆವಿನಂತೆಯೇ ತೋರುತ್ತವೆ. ನಮ್ಮ ಕಡೆ ಬಿ12 ಜೀವಸತ್ವದ ಕೊರತೆಯನ್ನು ವಿಶೇಷವಾಗಿ ನೋಡಬೇಕು. ಶುದ್ಧ ಸಸ್ಯಾಹಾರ, ಜೊತೆಗೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಅದರ ಮೇಲೆ ಹೊಟ್ಟೆಯುರಿಗೆಂದು ನಿತ್ಯ ಪ್ಯಾಂಟೊಪ್ರಜೋಲ್: ಮೂರೂ ಸೇರಿದರೆ ಬಿ12 ಕುಸಿಯುವ ಸಾಧ್ಯತೆ ಹೆಚ್ಚು. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಚುಚ್ಚುಮದ್ದಿನಿಂದ ತುಂಬಿಕೊಡಬಹುದು.

ಈ ಉತ್ತರವನ್ನು ನಿಮ್ಮ ಯಜಮಾನರಿಗೂ ನಾದಿನಿಯರಿಗೂ ತೋರಿಸಿ. ನೀವು ಕಳ್ಳಿಯಲ್ಲ, ಅತ್ತೆ ಕೆಟ್ಟವರೂ ಅಲ್ಲ.

ಅದೇ ಸದಸ್ಯೆ: ಓದಿ ಕಣ್ಣೀರು ಬಂತು ಮೇಡಂ. ಕದ್ದೆ ಎಂದಾಗ ನಾನು ಏನು ಹೇಳಬೇಕು?

ಉತ್ತರ: ‘ನಾನು ಕದ್ದಿಲ್ಲ’ ಎಂದು ವಾದಕ್ಕಿಳಿಯಬೇಡಿ, ಸಾಕ್ಷಿ ತೋರಿಸಲೂ ಬೇಡಿ. ‘ಬಳೆ ಕಾಣುತ್ತಿಲ್ಲವೇ ಅತ್ತೆ? ಬನ್ನಿ, ಇಬ್ಬರೂ ಹುಡುಕೋಣ’ ಎನ್ನಿ. ಅವರು ಬಚ್ಚಿಡುವ ಜಾಗಗಳನ್ನು ಗಮನಿಸಿ. ಅಕ್ಕಿ ಡಬ್ಬಿ, ದಿಂಬಿನ ಚೀಲ, ಹಳೆಯ ಸೀರೆಯ ಮಡಿಕೆ, ಸಾಮಾನ್ಯವಾಗಿ ಎರಡು ಮೂರು ಜಾಗ ಇರುತ್ತವೆ. ಬೆಲೆಬಾಳುವುದನ್ನು ನಿಮ್ಮ ಯಜಮಾನರ ಕೈಯಿಂದಲೇ ಲಾಕರಿಗೆ ಇಡಿಸಿ, ಅದೇ ಬಗೆಯ ಗಿಲೀಟು ಬಳೆ ಅವರ ಕೈಗೆ ಕೊಡಿ. ವಾರದಲ್ಲಿ ಒಂದು ದಿನವಾದರೂ ಮಗನೋ ಮಗಳೋ ಪೂರ್ತಿ ಹೊಣೆ ಹೊರಲಿ. ನಾದಿನಿಯರು ನಾಲ್ಕು ದಿನ ಬಂದು ಇದ್ದುಹೋದರೆ ನಿಮ್ಮ ಪರವಾಗಿ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಪ್ರಶ್ನೆ (ಗದಗ): ಅಪ್ಪನಿಗೆ 78. ಮೊನ್ನೆಯವರೆಗೂ ಚೆನ್ನಾಗಿದ್ದರು. ನಿನ್ನೆ ರಾತ್ರಿಯಿಂದ ನಮ್ಮ ಗುರುತು ಹಿಡಿಯುತ್ತಿಲ್ಲ, ಗೋಡೆಯ ಮೇಲೆ ಯಾರೋ ಇದ್ದಾರೆ ಎನ್ನುತ್ತಾರೆ. ಇದು ಅಲ್ಝೈಮರ್ ಇರಬಹುದೇ?

ಉತ್ತರ: ಅಲ್ಲ. ಅಲ್ಝೈಮರ್ ಒಂದು ರಾತ್ರಿಯಲ್ಲಿ ಬರುವುದಿಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಅಥವಾ ಸಕ್ಕರೆಯ ಏರುಪೇರು, ಹೊಸ ಮಾತ್ರೆಯೊಂದರ ಪರಿಣಾಮ, ಪಾರ್ಶ್ವವಾಯು, ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಇಲ್ಲಿ ಇನ್ನೊಬ್ಬರ ಉತ್ತರಕ್ಕೆ ಕಾಯದೆ ಈಗಲೇ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ (ಧಾರವಾಡ, ನಿವೃತ್ತ ಶಿಕ್ಷಕರು): ನನಗೆ 66. ಹಳೆಯ ವಿದ್ಯಾರ್ಥಿಗಳು ಎದುರಾದರೆ ಹೆಸರು ತಕ್ಷಣ ಬಾಯಿಗೆ ಬರುವುದಿಲ್ಲ, ಮನೆಗೆ ಬಂದ ಮೇಲೆ ನೆನಪಾಗುತ್ತದೆ. ಹೆದರಿಕೆಯಾಗಿ ಪದಬಂಧ ಬಿಡಿಸುತ್ತಿದ್ದೇನೆ, ಬಾದಾಮಿ ತಿನ್ನುತ್ತಿದ್ದೇನೆ. ನೆನಪಿನ ಶಕ್ತಿಯ ಟಾನಿಕ್ ಒಂದನ್ನು ತರಿಸಬೇಕೆಂದಿದ್ದೇನೆ.

ಉತ್ತರ: ಗುರುಗಳೇ, ತಡವಾಗಿಯಾದರೂ ಹೆಸರು ನೆನಪಾಗುತ್ತಿದೆ, ಮರೆತದ್ದು ನಿಮಗೇ ತಿಳಿಯುತ್ತಿದೆ. ಇದು ಧೈರ್ಯ ಕೊಡುವ ಲಕ್ಷಣ. ಕಾಯಿಲೆಯಿದ್ದಾಗ ಸಾಮಾನ್ಯವಾಗಿ ರೋಗಿಗಿಂತ ಮನೆಯವರಿಗೆ ಗಾಬರಿ ಹೆಚ್ಚು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಡಿಮೆನ್ಶಿಯಾ ಎಂಬುದು ಮರೆವಿನ ಕಾಯಿಲೆಗಳ ಇಡೀ ಗುಂಪಿನ ಹೆಸರು, ಅದರಲ್ಲಿ ಅಲ್ಝೈಮರ್ ಪಾಲು ದೊಡ್ಡದು. ಸಂಖ್ಯೆ ದೊಡ್ಡದೇ, ಆದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರು ಅದರ ಹೊರಗಿದ್ದಾರೆ. ಮರೆವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಲೆಕ್ಕಪತ್ರ ತಪ್ಪತೊಡಗಿದರೆ, ಗೊತ್ತಿದ್ದ ದಾರಿ ತಪ್ಪಿದರೆ ಬಂದು ತೋರಿಸಿ.

ಟಾನಿಕ್ ತರಿಸಬೇಡಿ. ಅಲ್ಝೈಮರ್ ತಡೆಯುತ್ತದೆ ಎಂದು ಸಾಬೀತಾದ ಟಾನಿಕ್ಕಾಗಲಿ, ಪುಡಿಯಾಗಲಿ, ಮಾತ್ರೆಯಾಗಲಿ ಇಂದಿಗೂ ಇಲ್ಲ. ಬಾದಾಮಿ ಒಳ್ಳೆಯದೇ, ಶೇಂಗಾ ಕೂಡ ಒಳ್ಳೆಯದೇ. ಪದಬಂಧ ಖುಷಿ ಕೊಟ್ಟರೆ ಬಿಡಿಸಿ, ಆದರೆ ಅದನ್ನು ಒಬ್ಬರೇ ಕೂತು ಬಿಡಿಸುವುದಕ್ಕಿಂತ ಓಣಿಯ ಮಕ್ಕಳಿಗೆ ವ್ಯಾಕರಣ ಹೇಳಿಕೊಡುವುದು ಮೇಲು. ಹೊಸದಾಗಿ ಯೋಚಿಸುವುದು, ಮಾತನಾಡುವುದು, ಜನರೊಂದಿಗೆ ಬೆರೆಯುವುದು ಮೂರೂ ಅದರಲ್ಲಿವೆ. ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯಲ್ಲಿ ಗೆಳೆಯರ ಜೊತೆ ಚುರುಕಾಗಿ ನಡೆಯಿರಿ.

ಪ್ರಶ್ನೆ (ಬ್ಯಾಡಗಿ): ಮೆಣಸಿನಕಾಯಿ ವ್ಯಾಪಾರಿ, ವಯಸ್ಸು 46. ಅಪ್ಪ ಇದೇ ಕಾಯಿಲೆಯಲ್ಲಿ ಹೋದರು, ಕೊನೆಗೆ ನನ್ನ ಹೆಸರೂ ನೆನಪಿರಲಿಲ್ಲ. ನನಗೂ ಬರುತ್ತದೆಯೇ? ಶಿಬಿರದಲ್ಲಿ ಬಿಪಿ 150/95 ಎಂದರು. ಒಂದು ತಿಂಗಳು ಮಾತ್ರೆ ನುಂಗಿ ಬಿಟ್ಟೆ, ಈಗ ಏನೂ ತೊಂದರೆಯಿಲ್ಲ.

ಉತ್ತರ: ತಂದೆಯವರಿಗೆ ಇದ್ದರೆ ನಿಮ್ಮ ಅಪಾಯ ತುಸು ಹೆಚ್ಚು, ಅಷ್ಟೇ. ತಪ್ಪದೆ ಬರುವಂಥ ವಂಶವಾಹಿ ದೋಷ ಇರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ರೋಗಿಗಳಲ್ಲಿ. ಅವರಿಗೆ ಬಹುಪಾಲು 65ಕ್ಕಿಂತ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಎಪಿಒಇ-4 ಎಂಬ ಇನ್ನೊಂದು ವಂಶವಾಹಿ ಅಪಾಯವನ್ನು ಹೆಚ್ಚಿಸುತ್ತದೆ, ಆದರೆ ಅದಿದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಆ ಪರೀಕ್ಷೆಗೆ ಹಣ ಸುರಿಯಬೇಡಿ.

ನನ್ನ ಚಿಂತೆ ನೀವು ಬಿಟ್ಟ ಮಾತ್ರೆಯದು. ಮರೆವು ಕಾಣಿಸಿಕೊಳ್ಳುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. 46 ಎಂದರೆ ನೀವು ಸರಿಯಾದ ಸಮಯದಲ್ಲಿ ಕೇಳಿದ್ದೀರಿ. ಬಿಪಿ ಹೆಚ್ಚಿದ್ದರೆ ನೋವಾಗುವುದಿಲ್ಲ, ಅದಕ್ಕೇ ತೊಂದರೆಯಿಲ್ಲ ಅನಿಸುತ್ತದೆ. ಆದರೆ ಮೆದುಳಿನ ಎಳೆಯಂಥ ರಕ್ತನಾಳಗಳು ಒತ್ತಡಕ್ಕೆ ಗಡುಸಾಗುತ್ತಾ, ಅಲ್ಲಲ್ಲಿ ಮುಚ್ಚಿಕೊಳ್ಳುತ್ತಾ ಹೋಗುತ್ತವೆ. ವಯಸ್ಸಾದವರ ಮೆದುಳಿನಲ್ಲಿ ಅಲ್ಝೈಮರ್ ಮತ್ತು ಈ ರಕ್ತನಾಳದ ಹಾನಿ ಜೋಡಿಯಾಗಿ ಸಿಗುವುದು ತೀರಾ ಸಾಮಾನ್ಯ, ಎರಡೂ ಕೂಡಿದರೆ ಮರೆವು ಬೇಗ ಬಲಿಯುತ್ತದೆ. ನಲವತ್ತರಿಂದಲೇ ಮೇಲಿನ ಅಂಕಿ 130 ಅಥವಾ ಅದಕ್ಕಿಂತ ಕೆಳಗಿರಲಿ ಎಂಬುದು ತಜ್ಞರ ಸಲಹೆ. ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನದ 2019ರ ಫಲಿತಾಂಶ ನೋಡಿ: 140ರ ಬದಲು 120ಕ್ಕಿಂತ ಕೆಳಗಿನ ಗುರಿ ಇಟ್ಟುಕೊಂಡು ಚಿಕಿತ್ಸೆ ಪಡೆದವರಲ್ಲಿ, ಡಿಮೆನ್ಶಿಯಾಕ್ಕೆ ಮುಂಚಿನ ಸೌಮ್ಯ ಹಂತದ ಮರೆವು ಶೇ 19ರಷ್ಟು ಕಡಿಮೆ ಕಂಡಿತು. ನಿಮ್ಮ ಗುರಿ ಎಷ್ಟಿರಬೇಕೆಂದು ನಿಮ್ಮ ವೈದ್ಯರು ಹೇಳುತ್ತಾರೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಕೊಲೆಸ್ಟರಾಲ್ ಕೂಡ ನೋಡಿಸಿ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಅಪಾಯಗಳನ್ನು ಗುರುತಿಸಿತು. ಅವನ್ನೆಲ್ಲ ನಿವಾರಿಸಲು ಸಾಧ್ಯವಾದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಒಬ್ಬೊಬ್ಬರಿಗೂ ಕೊಡುವ ಖಾತರಿಯಲ್ಲ, ಇಡೀ ಸಮಾಜದ ಲೆಕ್ಕ. ಅದರಲ್ಲಿ ದೊಡ್ಡ ಪಾಲು ಎರಡಕ್ಕೆ: ನಡುವಯಸ್ಸಿನಲ್ಲಿ ಹೆಚ್ಚಿದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಮತ್ತು ಕಿವಿ ಮಂದವಾಗುವುದು. ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯ, ಬೊಜ್ಜು, ಖಿನ್ನತೆ, ಒಂಟಿತನ, ಹೊಗೆ ತುಂಬಿದ ಗಾಳಿ, ಚಿಕಿತ್ಸೆ ಪಡೆಯದ ದೃಷ್ಟಿದೋಷ, ಇವೂ ಆ ಪಟ್ಟಿಯಲ್ಲಿವೆ. ತಲೆಯ ಪೆಟ್ಟೂ ಇದೆ, ಹಾಗಾಗಿ ಬೈಕ್ ಹತ್ತಿದರೆ ಹೆಲ್ಮೆಟ್ ಹಾಕಲೇಬೇಕು. ಚಿಕ್ಕಂದಿನಲ್ಲಿ ಓದು ಸಿಗದಿರುವುದೂ ಒಂದು ಕಾರಣ. ಮನೆಯ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿ ಎಂದು ನರರೋಗ ತಜ್ಞೆಯಾಗಿಯೂ ಕೇಳಿಕೊಳ್ಳುತ್ತೇನೆ.

ದಿನವಿಡೀ ಅಂಗಡಿಯ ಗಾದಿಯ ಮೇಲೆ ಕೂರುವವರು ನೀವು. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಇರಲಿ. ಊಟದ ವಿಷಯದಲ್ಲಿ ನಮ್ಮ ಭಾಗದವರು ದೂರ ಹುಡುಕಬೇಕಾಗಿಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಮೆಂತ್ಯೆ ಸೊಪ್ಪು, ಸೌತೆಕಾಯಿ, ಅಗಸಿ ಚಟ್ನಿ, ಮೊಸರು ಹೃದಯಕ್ಕೂ ಮೆದುಳಿಗೂ ಒಳ್ಳೆಯ ಊಟವೇ. ಕೆಡಿಸುವುದು ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಮತ್ತು ಸಂಜೆಯ ಮಿರ್ಚಿ ಭಜಿ. ದಿನಕ್ಕೆ ಐದು ಗ್ರಾಂಗಿಂತ, ಎಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು.

ಪ್ರಶ್ನೆ (ಹುಬ್ಬಳ್ಳಿ): ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ಬರುತ್ತದೆಯಂತೆ, ನಿಜವೇ?

ಉತ್ತರ: ಹಳೆಯ ಅನುಮಾನ. ಅಡುಗೆ ಪಾತ್ರೆಯಿಂದ ಬರುತ್ತದೆ ಎಂಬುದು ಸಾಬೀತಾಗಿಲ್ಲ.

ಪ್ರಶ್ನೆ (ಧಾರವಾಡ): ನಮ್ಮ ತಂದೆಗೆ 74, ಕಿವಿ ಸರಿಯಾಗಿ ಕೇಳುವುದಿಲ್ಲ. ಶ್ರವಣ ಸಾಧನ ಕೊಡಿಸಿದರೆ ಕಪಾಟಿನಲ್ಲಿ ಇಡುತ್ತಾರೆ. ಅದಕ್ಕೂ ನೆನಪಿಗೂ ನಂಟಿದೆಯೇ?

ಉತ್ತರ: ಇದೆ. ಕೇಳದವರು ಮೊದಲು ಮಾತು ಕಡಿಮೆ ಮಾಡುತ್ತಾರೆ, ಆಮೇಲೆ ಕಟ್ಟೆಗೆ ಹೋಗುವುದನ್ನು ಬಿಡುತ್ತಾರೆ, ಕೊನೆಗೆ ಮನೆಯೊಳಗೇ ಒಂಟಿಯಾಗುತ್ತಾರೆ. ಅರ್ಧಂಬರ್ಧ ಕೇಳಿದ್ದನ್ನು ಊಹಿಸುವುದರಲ್ಲೇ ಮೆದುಳು ದಣಿಯುತ್ತದೆ. 70ರಿಂದ 84 ವಯಸ್ಸಿನವರ ಮೇಲೆ ಅಮೆರಿಕದಲ್ಲಿ ಮೂರು ವರ್ಷ ನಡೆದ ಅಚೀವ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಒಟ್ಟಾರೆ ಎಲ್ಲರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ, ಶ್ರವಣ ಸಾಧನ ಬಳಸಿದವರ ಬುದ್ಧಿಶಕ್ತಿ ಕುಗ್ಗುವ ವೇಗ ಶೇ 48ರಷ್ಟು ಕಡಿಮೆಯಿತ್ತು. ಮೊದಲ ದಿನಗಳಲ್ಲಿ ಪಾತ್ರೆಯ ಸದ್ದು, ಫ್ಯಾನಿನ ಸದ್ದು ಎಲ್ಲವೂ ಕಿರುಚಿದಂತೆ ಕೇಳಿಸುತ್ತದೆ, ಅದಕ್ಕೇ ತೆಗೆದಿಡುತ್ತಾರೆ. ಕೊಂಡ ಕಡೆ ಮತ್ತೆ ಕರೆದೊಯ್ದು ಸದ್ದಿನ ಮಟ್ಟ ಹೊಂದಿಸಿ. ಮೊದಲು ಮನೆಯಲ್ಲಿ ಒಬ್ಬರೊಂದಿಗೆ ಮಾತನಾಡುವಾಗ ಒಂದು ತಾಸು, ನಿಧಾನವಾಗಿ ಹೆಚ್ಚಿಸಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ಎಂದೂ ನೋಡಿಸಿ.

ಪ್ರಶ್ನೆ (ಹಾವೇರಿ): ಹೊಸ ಇಂಜೆಕ್ಷನ್ ಬಂದಿದೆ, ಗುಣವಾಗುತ್ತದೆ ಎಂದು ಕೇಳಿದೆ. ಅಮ್ಮನಿಗೆ ಐದು ವರ್ಷದಿಂದ ಕಾಯಿಲೆ.

ಉತ್ತರ: ಗುಣವಾಗುವುದಿಲ್ಲ. ಲೆಕಾನೆಮ್ಯಾಬ್ ಎಂಬ ಔಷಧಿ ಅಮಿಲಾಯ್ಡ್ ತೆಗೆಯುತ್ತದೆ. 18 ತಿಂಗಳ ಅಧ್ಯಯನದಲ್ಲಿ ಕಾಯಿಲೆ ಬಲಿಯುವ ವೇಗವನ್ನು ಶೇ 27ರಷ್ಟು ತಗ್ಗಿಸಿತು. ಆದರೆ ಅದು ಆರಂಭದ ಹಂತದವರಿಗೆ ಮಾತ್ರ. ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಐದು ವರ್ಷದ ಕಾಯಿಲೆಗೆ ಅದಕ್ಕಾಗಿ ಹೊಲ ಮಾರಲು ಹೊರಡಬೇಡಿ. ಡೊನೆಪೆಜಿಲ್, ಮೆಮ್ಯಾಂಟಿನ್ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಮಾಡುತ್ತವೆ. ತಾಯಿಯವರು ಹೊರಗೆ ಹೋಗಿ ದಾರಿ ತಪ್ಪುವ ಹಂತದಲ್ಲಿದ್ದರೆ ಸೆರಗಿನ ಅಂಚಿಗೆ ಫೋನ್ ನಂಬರ್ ಹೊಲಿಯಿರಿ, ಓಣಿಯ ಅಂಗಡಿಯವರಿಗೂ ಆಟೋದವರಿಗೂ ಕಾಯಿಲೆಯ ವಿಷಯ ಹೇಳಿಡಿ. ಮುಚ್ಚಿಡುವ ವಿಷಯವಲ್ಲ ಇದು.

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ): ಮೇಡಂ, ಯಜಮಾನರು ಓದಿದರು, ಒಪ್ಪಿದ್ದಾರೆ. ಎಲ್ಲಿಗೆ ಹೋಗಬೇಕು, ಏನು ತೆಗೆದುಕೊಂಡು ಹೋಗಬೇಕು?

ಉತ್ತರ: ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯಲ್ಲಿ ನಾವೆಲ್ಲ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ. ನಿಮಗೇ ದಣಿವು, ಬೇಸರ ಮಿತಿಮೀರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಹಿರಿಯರ ಸಹಾಯವಾಣಿ 14567.

ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ವೈದ್ಯರು ಬರೆದದ್ದು, ಅಂಗಡಿಯಲ್ಲಿ ಕೇಳಿ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು ಎಲ್ಲವೂ ಇರಲಿ. ನಿದ್ದೆಗೆಂದು ಆಲ್ಪ್ರಜೋಲಂ, ನೆಗಡಿಗೆಂದು ಕ್ಲೋರ್‌ಫೆನಿರಮಿನ್, ನರದ ನೋವಿಗೆ ಅಮಿಟ್ರಿಪ್ಟಿಲಿನ್: ಹಿರಿಯರಲ್ಲಿ ಇವು ಮಂಕು ಕವಿಸುತ್ತವೆ. ಆದರೆ ವೈದ್ಯರನ್ನು ಕೇಳದೆ ಯಾವುದನ್ನೂ ಥಟ್ಟನೆ ನಿಲ್ಲಿಸಬೇಡಿ. ಮರೆವು ಯಾವಾಗ ಶುರುವಾಯಿತು, ಮೊದಲು ತಪ್ಪಿದ ಕೆಲಸ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ವೈದ್ಯರ ಕೈಗೆ ಕೊಡಿ, ಅತ್ತೆಯ ಎದುರಿಗೆ ಓದಿ ಹೇಳಬೇಡಿ. ಮಗ ಬರಲಿ, ಆದರೆ ನೀವು ಬರಲೇಬೇಕು. ಅವರ ದಿನ ಹೇಗೆ ಸಾಗುತ್ತದೆ ಎಂಬುದು ಆ ಮನೆಯಲ್ಲಿ ನಿಮಗಷ್ಟೇ ಪೂರ್ತಿ ಗೊತ್ತು.