ಐ5-4590ಟಿ ಪುಟ್ಟ ಡಬ್ಬಿಯ ಫ್ಯಾನ್ ಸದ್ದು: 10 ವ್ಯಾಟ್ ಪ್ರೊಸೆಸರ್‌ಗೆ ಹೋಗಬೇಕಾ?

ಪುಟ್ಟಡಬ್ಬಿ

ನಮಸ್ಕಾರ. ಆರು ವರ್ಷ ಸೆಲೆರಾನ್ ಜೆ1900 ಇರುವ, ಫ್ಯಾನ್ ಇಲ್ಲದ ಡಬ್ಬಿ ಬಳಸಿದೆ. ಸದ್ದು ಅನ್ನೋದೇ ಇರಲಿಲ್ಲ. ಆದರೆ ಈಗಿನ ವೆಬ್ ಪುಟಗಳಿಗೆ ಅದು ಸಾಲುತ್ತಿಲ್ಲ. ನಾಲ್ಕು ಟ್ಯಾಬ್ ತೆರೆದರೆ ಟೈಪ್ ಮಾಡಿದ ಅಕ್ಷರ ಪರದೆ ಮೇಲೆ ಬರೋದೇ ತಡ. ಹಾಗಾಗಿ ಹೋದ ತಿಂಗಳು ಐ5-4590ಟಿ ಇರುವ ಹಳೇ ಆಫೀಸ್ ಡಬ್ಬಿ ತಗೊಂಡೆ. 8 ಜಿಬಿ ರ್ಯಾಮ್, ಎಸ್‌ಎಸ್‌ಡಿ, ಲಿನಕ್ಸ್.

ವೇಗದ ಬಗ್ಗೆ ದೂರಿಲ್ಲ. ತೊಂದರೆ ಫ್ಯಾನಿನದು. ಬರೆಯುತ್ತಾ ಕೂತಾಗಲೂ ಆಗಾಗ ಬುಸ್ ಅಂತ ಏರಿ ಇಳಿಯುತ್ತದೆ. ವಿಡಿಯೋ ಹಾಕಿದರೆ ಮುಗಿಯುವ ತನಕ ನಿಲ್ಲುವುದೇ ಇಲ್ಲ. ಹಳೆಯದು 10 ವ್ಯಾಟ್, ಇದು 35 ವ್ಯಾಟ್. ಅದಕ್ಕೇ ಸದ್ದು ಅಲ್ವಾ? ಇದನ್ನು ಮಾರಿ ಮತ್ತೆ 10 ವ್ಯಾಟ್‌ನದೇ ಆದ ಸೆಲೆರಾನ್ ಜೆ4105 ಡಬ್ಬಿ ತಗೊಳ್ಳಲಾ?

ಹಳೇಸಾಕೆಟ್

ಮಾರುವ ಮುಂಚೆ ಸ್ವಲ್ಪ ತಡೆಯಿರಿ. ಆ 35 ನಿಮ್ಮ ಡಬ್ಬಿ ಸದಾ ಕುಡಿಯುವ ಕರೆಂಟ್ ಅಲ್ಲ. ಪೂರ್ತಿ ಕೆಲಸ ಹೇರಿದಾಗ ಎಷ್ಟು ಬಿಸಿಯನ್ನು ಹೊರಹಾಕಲು ಹೀಟ್‌ಸಿಂಕ್ (ಚಿಪ್‌ನ ಬಿಸಿ ಎಳೆಯುವ ಲೋಹದ ಭಾಗ) ತಯಾರಿರಬೇಕು ಅಂತ ಹೇಳುವ ಲೆಕ್ಕ ಅದು, ಟಿಡಿಪಿ ಅನ್ನುತ್ತಾರೆ. ಸುಮ್ನೆ ಕೂತಾಗ ಈ ಪ್ರೊಸೆಸರ್ ತನ್ನ ಕೋರ್‌ಗಳನ್ನು ಮಲಗಿಸುತ್ತದೆ. ಆಗ 35 ವ್ಯಾಟ್ ಚಿಪ್‌ಗೂ 65 ವ್ಯಾಟ್ ಚಿಪ್‌ಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. 4590 ಮತ್ತು 4590ಟಿ ಎರಡರ ಒಳಗೂ ಇರುವುದು ಒಂದೇ ವಿನ್ಯಾಸ, ಟಿ ಅಂದರೆ ವೇಗಕ್ಕೂ ವ್ಯಾಟ್‌ಗೂ ಕಡಿವಾಣ ಹಾಕಿದ್ದು, ಅಷ್ಟೇ.

ಇನ್ನೊಂದು ಮಾತು. ಪ್ರೊಸೆಸರ್ ಒಂದರ ವ್ಯಾಟ್ ನೋಡಿ ಇಡೀ ಡಬ್ಬಿಯನ್ನು ಅಳೆಯಲು ಆಗಲ್ಲ. 2008ರ ಆಟಮ್ 330ರ ಟಿಡಿಪಿ ಬರೀ 8 ವ್ಯಾಟ್. ಅದರ ಜೊತೆ ಬಂದ 945ಜಿಸಿ ಚಿಪ್‌ಸೆಟ್‌ನದು (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) 22 ವ್ಯಾಟ್ ದಾಟಿತ್ತು. ಆ ಬೋರ್ಡ್‌ನಲ್ಲಿ ಫ್ಯಾನ್ ಕೂತದ್ದು ಚಿಪ್‌ಸೆಟ್ ಮೇಲೆ, ಪ್ರೊಸೆಸರ್ ಮೇಲಲ್ಲ!

ಹಾಗಾಗಿ ಮೊದಲು ಇಷ್ಟು ನೋಡಿ ಹೇಳಿ. ಏನೂ ಮಾಡದೆ ಹತ್ತು ನಿಮಿಷ ಬಿಟ್ಟಾಗ ಪ್ರೊಸೆಸರ್ ಬಿಸಿ ಎಷ್ಟು? ವಿಡಿಯೋ ಓಡುವಾಗ ಕೋರ್‌ಗಳ ಕೆಲಸ ಶೇಕಡಾ ಎಷ್ಟು? ಯೂಟ್ಯೂಬ್ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದರೆ ಕೋಡೆಕ್ (ವಿಡಿಯೋ ಕುಗ್ಗಿಸಿಟ್ಟ ವಿಧಾನ) ಸಾಲಿನಲ್ಲಿ ಏನಿದೆ?

ಪುಟ್ಟಡಬ್ಬಿ

ಪ್ಲಗ್ ಮೀಟರ್ ಇತ್ತು, ಅದನ್ನೂ ಹಾಕಿ ನೋಡಿದೆ. ಸುಮ್ನೆ ಇದ್ದಾಗ ಹಳೇ ಜೆ1900 ಡಬ್ಬಿ 9 ವ್ಯಾಟ್, ಇದು 12. ಇಷ್ಟು ಹತ್ತಿರ ಇರುತ್ತೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಸುಮ್ನೆ ಇದ್ದಾಗ ಬಿಸಿ 58 ಡಿಗ್ರಿ. 1080ಪಿ ವಿಡಿಯೋ ಹಾಕಿದರೆ ನಾಲ್ಕೂ ಕೋರ್ ಶೇ. 60ರ ಆಸುಪಾಸು, ಮೀಟರ್‌ನಲ್ಲಿ 33 ವ್ಯಾಟ್, ಬಿಸಿ 80 ದಾಟುತ್ತದೆ. ಕೋಡೆಕ್ ಸಾಲಿನಲ್ಲಿ ವಿಪಿ09 ಅಂತಿದೆ.

ಹಳೇಸಾಕೆಟ್

ಎರಡು ರೋಗ ಇವೆ. ಒಂದೊಂದಾಗಿ ನೋಡೋಣ.

ವಿಡಿಯೋದ್ದು ಮೊದಲು. ವಿಪಿ09 ಅಂದರೆ ವಿಪಿ9 ಕೋಡೆಕ್. ಅದನ್ನು ಬಿಚ್ಚುವ ಯಂತ್ರಾಂಗ ನಿಮ್ಮ 4590ಟಿ ಸೇರಿರುವ ಹ್ಯಾಸ್‌ವೆಲ್ ಪೀಳಿಗೆಯ ಗ್ರಾಫಿಕ್ಸ್‌ನಲ್ಲಿ ಇಲ್ಲ. ಎಚ್.264 ಅನ್ನೋ ಹಳೇ ಕೋಡೆಕ್‌ನದು ಇದೆ. ಯಂತ್ರಾಂಗ ಇಲ್ಲದ ಕಡೆ ಆ ಕೆಲಸ ಕೋರ್‌ಗಳ ತಲೆ ಮೇಲೆ ಬೀಳುತ್ತದೆ, ಬಿಸಿ ಏರುತ್ತದೆ, ಫ್ಯಾನ್ ಓಡುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಇದೇ. ಯೂಟ್ಯೂಬ್‌ಗೆ 'ಎಚ್.264 ಮಾತ್ರ ಕೊಡು' ಅಂತ ಹೇಳುವ ಬ್ರೌಸರ್ ಆಡ್-ಆನ್ ಸಿಗುತ್ತದೆ. ಹಾಕಿ ನೋಡಿ. ಕೋಡೆಕ್ ಸಾಲು ಎವಿಸಿ1 (ಎಚ್.264ಕ್ಕೆ ಅಲ್ಲಿರುವ ಹೆಸರು) ಅಂತ ಬದಲಾಗಬೇಕು. 1080ಪಿ ಮೀರಿದ ಗುಣಮಟ್ಟ ಹೀಗೆ ಸಿಗಲ್ಲ, ಅದು ಗೊತ್ತಿರಲಿ.

ಇನ್ನು ಸುಮ್ನೆ ಕೂತಾಗ 58 ಡಿಗ್ರಿ ಅಂದರೆ ಜಾಸ್ತಿ. 12 ವ್ಯಾಟ್ ಡಬ್ಬಿಗೆ ಅಷ್ಟು ಬಿಸಿ ಆಗಬಾರದು. ಬಿಸಿ ಚಿಪ್‌ನಿಂದ ಹೊರಗೆ ಹೋಗುತ್ತಿಲ್ಲ. ಬಿಚ್ಚಿ ನೋಡಲೇಬೇಕು.

ಮೌನಪ್ರಿಯ

ಜೆ4105 ಪರವಾಗಿ ಒಂದು ಮಾತು. ನಾನು ನಾಲ್ಕು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ. ಜೆ1900ಗಿಂತ ಒಂದೊಂದು ಕೋರ್ ಹೆಚ್ಚುಕಡಿಮೆ ಎರಡು ಪಟ್ಟು ವೇಗ. ವಿಪಿ9, 10 ಬಿಟ್ ಎಚ್‌ಇವಿಸಿ (ಇನ್ನೊಂದು ಕೋಡೆಕ್) ಎರಡನ್ನೂ ಗ್ರಾಫಿಕ್ಸ್ ಭಾಗವೇ ಬಿಚ್ಚುತ್ತದೆ. ಫ್ಯಾನ್ ಇಲ್ಲ, ಧೂಳು ಒಳಗೆ ಎಳೆಯಲ್ಲ. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲೂ ಇದರ ಹೆಸರಿದೆ, 4590ಟಿ ಹೆಸರಿಲ್ಲ. ಟಿವಿ ಹಿಂದೆ ಇಡಲು, ಫೈಲ್ ಬ್ಯಾಕಪ್‌ಗೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ.

ಹಳೇಸಾಕೆಟ್

ಆ ಕೆಲಸಗಳಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಇವರು ದಿನವಿಡೀ ಬ್ರೌಸರ್ ಮುಂದೆ ಕೂರುವವರು. ಪುಟ ತೆರೆಯುವ ವೇಗ ನಿಂತಿರುವುದು ಒಂದು ಕೋರ್‌ನ ತಾಕತ್ತಿನ ಮೇಲೆ. ಅಲ್ಲಿ 4590ಟಿ ಮುಂದಿದೆ. 2.0 ಗಿಗಾಹರ್ಟ್ಸ್ ಅಂತ ಬರೆದಿದ್ದರೂ ಬೇಕಾದಾಗ 3.0ಗೆ ಜಿಗಿಯುತ್ತದೆ, ಕೆಲಸ ಬೇಗ ಮುಗಿಸಿ ಮಲಗುತ್ತದೆ.

ಪುಟ್ಟಡಬ್ಬಿ

ಆಡ್-ಆನ್ ಹಾಕಿದೆ. ಎವಿಸಿ1 ಅಂತ ಬಂತು. ಆದರೆ ಕೋರ್‌ಗಳ ಕೆಲಸ ಶೇ. 60ರಿಂದ 40ಕ್ಕೆ ಇಳಿದದ್ದಷ್ಟೇ. ವಿಎ-ಇನ್ಫೋ (ಗ್ರಾಫಿಕ್ಸ್ ಭಾಗ ಯಾವ ಕೋಡೆಕ್ ಬಿಚ್ಚಬಲ್ಲದು ಅಂತ ತೋರಿಸುವ ಲಿನಕ್ಸ್ ಆಜ್ಞೆ) ಓಡಿಸಿದರೆ ಡ್ರೈವರ್ ತೆರೆಯಲು ಆಗಲಿಲ್ಲ ಅನ್ನುತ್ತದೆ.

ಹಳೇಸಾಕೆಟ್

ಸಿಕ್ಕಿತು ನೋಡಿ. ಲಿನಕ್ಸ್‌ನಲ್ಲಿ ಇಂಟೆಲ್‌ಗೆ ಎರಡು ವಿಡಿಯೋ ಡ್ರೈವರ್ ಇವೆ. ಹೊಸದು ಐಎಚ್‌ಡಿ. ಅದು ಬ್ರಾಡ್‌ವೆಲ್ ಪೀಳಿಗೆಯಿಂದ ಈಚೆಗೆ ಮಾತ್ರ. ನಿಮ್ಮದು ಹ್ಯಾಸ್‌ವೆಲ್, ಅಂದರೆ ಅದಕ್ಕೂ ಒಂದು ಪೀಳಿಗೆ ಹಿಂದೆ. ನಿಮಗೆ ಬೇಕಾದದ್ದು ಹಳೆಯ ಐ965 ಡ್ರೈವರ್. ಪ್ಯಾಕೇಜ್ ಹುಡುಕಿ ಅದನ್ನು ಹಾಕಿ, ಮತ್ತೆ ವಿಎ-ಇನ್ಫೋ ನೋಡಿ. ಎಚ್.264 ಸಾಲುಗಳು ಕಾಣಿಸಬೇಕು. ಫೈರ್‌ಫಾಕ್ಸ್ ಆದರೆ 115 ಅಥವಾ ಆಮೇಲಿನದು ಇರಲಿ. ಇಂಟೆಲ್ ಗ್ರಾಫಿಕ್ಸ್‌ಗೆ ಲಿನಕ್ಸ್‌ನಲ್ಲಿ ಈ ಸೌಲಭ್ಯ ತಾನಾಗಿಯೇ ಶುರುವಾಗಿದ್ದು ಆ ಆವೃತ್ತಿಯಿಂದ.

ಪುಟ್ಟಡಬ್ಬಿ

ಆಯ್ತು! ಐ965 ಹಾಕಿದ ಮೇಲೆ ಅದೇ ವಿಡಿಯೋಗೆ ಕೋರ್‌ಗಳು ಶೇ. 12ರಲ್ಲಿ ಇವೆ. ಮೀಟರ್ 17 ವ್ಯಾಟ್.

ನಿನ್ನೆ ಸಂಜೆ ಡಬ್ಬಿಯನ್ನೂ ಬಿಚ್ಚಿದೆ. ಫ್ಯಾನ್ ರೆಕ್ಕೆಗಳು ಮೇಲಿಂದ ನೋಡಿದರೆ ಸ್ವಚ್ಛ. ಮೊದಲೇ ಇಣುಕಿ ನೋಡಿ 'ಧೂಳಿಲ್ಲ' ಅಂತ ಬಿಟ್ಟಿದ್ದೆ. ನಾಲ್ಕು ಸ್ಕ್ರೂ ತೆಗೆದು ಫ್ಯಾನ್ ಎತ್ತಿದ ಮೇಲೆ ನಿಜ ಗೊತ್ತಾಯಿತು. ಗಾಳಿ ಹೊರಗೆ ಹೋಗುವ ತಗಡುಗಳ ಸಂದಿಗೆ ಧೂಳು ಕಂಬಳಿ ತುಂಡಿನ ಥರ ಅಂಟಿಕೊಂಡಿತ್ತು. ಚಿಮುಟದಲ್ಲಿ ಒಂದು ತುದಿ ಹಿಡಿದು ಎಳೆದರೆ ಇಡಿಯಾಗಿ ಎದ್ದು ಬಂತು. ಹೀಟ್‌ಸಿಂಕ್ ಕೆಳಗಿನ, ಚಿಪ್‌ನ ಬಿಸಿ ದಾಟಿಸುವ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು, ಉಗುರು ತಾಗಿಸಿದರೆ ಸುಣ್ಣದ ಹಾಗೆ ಪುಡಿ. ಒರೆಸಿ ಹೊಸ ಪೇಸ್ಟ್ ಹಾಕಿದೆ.

ಈಗ ಸುಮ್ನೆ ಇದ್ದಾಗ 39 ಡಿಗ್ರಿ. ವಿಡಿಯೋ ಓಡುವಾಗ 50. ಫ್ಯಾನ್ ತಿರುಗುತ್ತಿದೆ ಅಂತ ತಿಳಿಯಲು ಕಿವಿಯನ್ನು ಡಬ್ಬಿ ಹತ್ತಿರ ತರಬೇಕು. ತುಂಬಾ ಥ್ಯಾಂಕ್ಸ್, ಇದನ್ನು ಮಾರಲ್ಲ.

ಹೊಸಬ

ಇಲ್ಲೇ ಕೇಳಬಹುದಾ? ನನಗೆ ಎರಡು ಡಬ್ಬಿ ಸಿಗುತ್ತಿವೆ. ಒಂದರಲ್ಲಿ ಐ5-3470ಟಿ, ಇನ್ನೊಂದರಲ್ಲಿ ಐ3-7100ಟಿ. ಎರಡೂ 35 ವ್ಯಾಟ್. ಐ5 ಮೇಲು ಅಲ್ವಾ?

ಹಳೇಸಾಕೆಟ್

ಧಾರಾಳವಾಗಿ ಕೇಳಿ. ಇಲ್ಲಿ ಹೆಸರು ನಂಬಬೇಡಿ. 3470ಟಿ ಹೆಸರಿಗೆ ಐ5, ಒಳಗಿರುವುದು ಎರಡೇ ಕೋರ್, ನಾಲ್ಕು ಥ್ರೆಡ್ (ಒಂದೊಂದು ಕೋರ್ ಎರಡೆರಡು ಕೆಲಸದ ಸಾಲು ನಡೆಸುತ್ತದೆ). 7100ಟಿ ಕೂಡ ಅಷ್ಟೇ. ಆ 2012ರ ಪೀಳಿಗೆಯಲ್ಲಿ ನಾಲ್ಕು ಕೋರ್ ಇರುವ ಟಿ ಐ5 ಬೇಕೆಂದರೆ 3570ಟಿ, ಅದು 45 ವ್ಯಾಟ್.

7100ಟಿ ಬಂದದ್ದು 2017ರಲ್ಲಿ. ಟರ್ಬೊ (ಬೇಕಾದಾಗ ವೇಗ ಜಿಗಿಯುವುದು) ಇಲ್ಲ, ಆದರೆ ಸದಾ 3.4 ಗಿಗಾಹರ್ಟ್ಸ್ ಸಿಗುತ್ತದೆ. ವಿಪಿ9 ಮತ್ತು 10 ಬಿಟ್ ಎಚ್‌ಇವಿಸಿಯನ್ನು ಗ್ರಾಫಿಕ್ಸ್ ಭಾಗವೇ ನೋಡಿಕೊಳ್ಳುತ್ತದೆ, ಮೇಲಿನವರು ಪಟ್ಟ ಪಾಡು ನಿಮಗಿಲ್ಲ. ಎವಿ1 ಅನ್ನೋ ಹೊಸ ಕೋಡೆಕ್ ಬಿಚ್ಚುವ ಯಂತ್ರಾಂಗ ಮಾತ್ರ ಇವೆರಡರಲ್ಲೂ ಇಲ್ಲ. ನಿಸ್ಸಂದೇಹವಾಗಿ 7100ಟಿ ತಗೊಳ್ಳಿ.

ಮುಂದೆ ಜಾಸ್ತಿ ಶಕ್ತಿ ಬೇಕೆನಿಸಿದರೆ ಅದೇ ಸಾಕೆಟ್‌ಗೆ ನಾಲ್ಕು ಕೋರ್‌ನ 7500ಟಿ ಹಾಕಬಹುದು, ಅದೂ 35 ವ್ಯಾಟ್. ಆದರೆ 8500ಟಿ ತರಬೇಡಿ. ಅದರ ಸಾಕೆಟ್‌ಗೂ 1151 ಅಂತಲೇ ಹೆಸರು, ಚಿಪ್ ಸರಿಯಾಗಿ ಕೂರುತ್ತದೆ ಕೂಡ. ಆದರೆ ಅದಕ್ಕೆ 300 ಸರಣಿಯ ಚಿಪ್‌ಸೆಟ್ ಬೇಕು, ಈ ಬೋರ್ಡ್‌ನಲ್ಲಿ ಅದು ಶುರುವಾಗಲ್ಲ.

ಹೊಸಬ

7100ಟಿ ಡಬ್ಬಿಗೇ ಹೇಳಿದೆ. ಪೇಸ್ಟ್ ಒಂದು ಟ್ಯೂಬ್ ಕೂಡ ತರಿಸುತ್ತಿದ್ದೇನೆ, ಬಂದ ದಿನವೇ ಬಿಚ್ಚುತ್ತೇನೆ.