ಪದಚರ್ಚೆ: ‘ವೀಕ್ಷಕರಿಗೆ ಕಾಂತಕ್ಷೇತ್ರ ಉತ್ಪಾದಿಸುತ್ತವೆ’ ಅನ್ನಬಹುದೇ?

ಚಲಿಸುವ ವಿದ್ಯುದಾವೇಶ (ಎಲೆಕ್ಟ್ರಿಕ್ ಚಾರ್ಜ್) ಮತ್ತು ಕಾಂತಕ್ಷೇತ್ರದ (ಮ್ಯಾಗ್ನೆಟಿಕ್ ಫೀಲ್ಡ್) ಬಗ್ಗೆ ಫಲಕಕ್ಕೆ ನೀವು ಬರೆದ ವಾಕ್ಯ ಸರಿಯೇ ಅಂತ ಇಲ್ಲಿ ಕೇಳಿದ್ದೀರಿ, ಫಲಕ ಇವತ್ತೇ ಅಚ್ಚಿಗೆ ಹೋಗಬೇಕು ಅಂತಲೂ ಅಂದಿದ್ದೀರಿ. ಮೊದಲು ವಾಕ್ಯ ತಗೊಳ್ಳಿ, ಜಗಳ ಆಮೇಲೆ.

“ವಿದ್ಯುದಾವೇಶದ ಜೊತೆಗೇ, ಅದರದ್ದೇ ವೇಗದಲ್ಲಿ ಸಾಗುವವರಿಗೆ ವಿದ್ಯುತ್ ಕ್ಷೇತ್ರ ಮಾತ್ರ ಕಾಣುತ್ತದೆ. ಅದೇ ಆವೇಶ ಯಾರ ಪಕ್ಕದಿಂದ ಹಾದುಹೋಗುತ್ತದೋ ಅವರಿಗೆ ಕಾಂತಕ್ಷೇತ್ರವೂ ಕಾಣುತ್ತದೆ.”

ನೀವು ಕಳಿಸಿದ “ಚಲಿಸುವ ವಿದ್ಯುದಾವೇಶಗಳು ವಿಭಿನ್ನ ವೀಕ್ಷಕರಿಗೆ ಕಾಂತಕ್ಷೇತ್ರಗಳನ್ನು ಉತ್ಪಾದಿಸುತ್ತವೆ” ಅನ್ನುವುದನ್ನು ದಯವಿಟ್ಟು ಹಾಕಬೇಡಿ. ಇಲ್ಲಿ ಎಲ್ಲರೂ ನಾಮಪದಗಳನ್ನೇ ಹಿಡಿದು ಜಗ್ಗುತ್ತಿದ್ದೀರಿ. ತೊಂದರೆ ಇರುವುದು ಕ್ರಿಯಾಪದದಲ್ಲಿ. ‘ಉತ್ಪಾದಿಸು’ ಜೊತೆ ಚತುರ್ಥಿ, ಅಂದರೆ ‘-ಗೆ’ ವಿಭಕ್ತಿ, ಬಂದರೆ ‘ಅವರಿಗೋಸ್ಕರ’ ಅಂತ ಅರ್ಥವಾಗುತ್ತದೆ, ಆವೇಶ ಯಾರಿಗೋ ಬೇಕು ಅಂತ ಕ್ಷೇತ್ರ ಮಾಡಿಕೊಟ್ಟ ಹಾಗೆ. ‘ಕಾಣು’ ಜೊತೆ ಅದೇ ‘-ಗೆ’ ಬಂದರೆ ಮಾತೇ ಬೇರೆ. ನನಗೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ, ವಸ್ತು ಒಂದೇ. ನಿಮಗೆ ಹೇಳಬೇಕಾಗಿರುವುದು ಇದೇ ಅಲ್ವಾ? ಆವೇಶ ಒಬ್ಬರ ಎದುರು ಏನನ್ನೋ ಹುಟ್ಟಿಸಿ ಇನ್ನೊಬ್ಬರ ಎದುರು ಸುಮ್ಮನಿರುವುದಿಲ್ಲ. ಇರುವುದು ಒಂದೇ ವಿದ್ಯುತ್ಕಾಂತ ಕ್ಷೇತ್ರ. ಅದರಲ್ಲಿ ವಿದ್ಯುತ್ತಿನ ಪಾಲೆಷ್ಟು, ಕಾಂತದ ಪಾಲೆಷ್ಟು ಅನ್ನುವುದು ಅಳೆಯುವವರ ಚಲನೆಯ ಮೇಲೆ ನಿಂತಿದೆ.

‘ಕಾಣುತ್ತದೆ’ ಅಂದರೆ ಭ್ರಮೆ ಅಂದುಕೊಳ್ಳುತ್ತಾರೆ ಅಂತ ಒಬ್ಬರು ಬರೆದಿದ್ದಾರೆ. ಒಪ್ಪುವುದಿಲ್ಲ. ‘ಜ್ವರ ಕಾಣಿಸಿಕೊಂಡಿತು’ ಅಂದಾಗ ಯಾರೂ ಜ್ವರವನ್ನು ಭ್ರಮೆ ಅನ್ನುವುದಿಲ್ಲ. 1876ರಲ್ಲಿ ಭೌತವಿಜ್ಞಾನಿ ಹೆನ್ರಿ ರೋಲೆಂಡ್ ಆವೇಶ ತುಂಬಿದ ತಟ್ಟೆಯನ್ನು ಜೋರಾಗಿ ತಿರುಗಿಸಿ ನೋಡಿದಾಗ ಹತ್ತಿರದ ಕಾಂತಸೂಜಿ ನಿಜಕ್ಕೂ ಅಲುಗಿತು. ತಂತಿಯಲ್ಲಿ ಹರಿಯುವ ವಿದ್ಯುತ್ತೇ ಬೇಕಾಗಿಲ್ಲ, ಆವೇಶ ಹೊತ್ತ ವಸ್ತು ಚಲಿಸಿದರೂ ಸಾಕು ಅಂತ ಅಲ್ಲಿ ಗೊತ್ತಾಗಿದ್ದು.

‘ವೀಕ್ಷಕ’ ನನಗೂ ಇಷ್ಟವಿಲ್ಲ, ಆದರೆ ಅದು ಸಂಸ್ಕೃತ ಅನ್ನೋ ಕಾರಣಕ್ಕಲ್ಲ. ವೀಕ್ಷಕ ಅಂದ ಕೂಡಲೇ ಟೀವಿ ನೋಡುವವರು ನೆನಪಾಗುತ್ತಾರೆ. ‘ನೋಡುಗ’ ಅಂದರೂ ಅಷ್ಟೇ. ಇಲ್ಲಿ ಕಣ್ಣಿನ ಕೆಲಸವೇ ಇಲ್ಲ, ತನ್ನದೇ ಗಡಿಯಾರ, ಅಳತೆಕೋಲು ಇಟ್ಟುಕೊಂಡು ಒಂದು ವೇಗದಲ್ಲಿ ಸಾಗುತ್ತಿರುವವರ ಲೆಕ್ಕ ಇದು. ‘ಅಳೆಯುವವರು’ ಸಾಕು. ಒಂದೇ ನಾಮಪದ ಬೇಕೇ ಬೇಕು ಅಂದರೆ ‘ವೀಕ್ಷಕ’ನನ್ನೇ ಇಟ್ಟುಕೊಳ್ಳಿ, ಹೊಸದಾಗಿ ಹೊಸೆಯಬೇಡಿ.

ಇನ್ನು ‘ಆವೇಶ’. ಮೈಮೇಲೆ ಬರುವುದು ಅನ್ನೋ ಅರ್ಥ ಇದೆ, ಆದ್ದರಿಂದ ಬೇಡ ಅನ್ನುವ ವಾದ ಇಲ್ಲಿ ಎಷ್ಟು ಸಲ ಬಂತೋ. ಆ + ವಿಶ್, ಒಳಹೊಗು. ‘ಪ್ರವೇಶ’ವೂ ಅದೇ ಧಾತುವಿನದು. ವಸ್ತುವಿನಲ್ಲಿ ಸೇರಿಕೊಂಡಿರುವುದು ಅಂತ ಓದಿದರೆ ಎಲ್ಲಿದೆ ತೊಡಕು? ಶಾಲೆಯ ಪುಸ್ತಕದಲ್ಲಿ ಮಕ್ಕಳು ಇದನ್ನೇ ಓದುತ್ತಿದ್ದಾರೆ. ಇದನ್ನು ಮತ್ತೆ ತೆಗೆಯಬೇಡಿ.

‘ಕಾಂತಕ್ಷೇತ್ರ’ದ ಬದಲು ‘ಸೂಜಿಗಲ್ಲಬಯಲು’ ಅನ್ನುವ ಸಲಹೆಗೆ ಮಾತ್ರ ಉದ್ದಕ್ಕೇ ಉತ್ತರ ಕೊಡಬೇಕು. ಸೂಜಿಗಲ್ಲು ಚೆಂದದ ಮಾತು, ಕಲ್ಲಿನ ಬಗ್ಗೆ ಬರೆಯುವಾಗ ಅದನ್ನೇ ಬಳಸಿ. ಆದರೆ 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್ ಕಾಂತಸೂಜಿಯ ಹತ್ತಿರ ಹಿಡಿದದ್ದು ವಿದ್ಯುತ್ ಹರಿಯುವ ತಂತಿಯನ್ನು, ಅಲ್ಲಿ ಕಲ್ಲೇ ಇರಲಿಲ್ಲ. ‘ಅಯಸ್ಕಾಂತ’ ಅಂದರೆ ಕಬ್ಬಿಣಕ್ಕೆ ಪ್ರಿಯವಾದದ್ದು. ‘ಕಾಂತಕ್ಷೇತ್ರ’ದಲ್ಲಿ ಆ ಕಬ್ಬಿಣ ಉದುರಿಹೋಗಿದೆ, ಅದು ಉದುರಿದ್ದೇ ಒಳ್ಳೆಯದಾಯಿತು, ಯಾಕೆಂದರೆ ಈ ಕ್ಷೇತ್ರಕ್ಕೆ ಕಬ್ಬಿಣವೂ ಬೇಡ, ಕಲ್ಲೂ ಬೇಡ, ಚಲಿಸುವ ಒಂದು ಆವೇಶ ಸಾಕು. ಅಚ್ಚಗನ್ನಡದ ಹಟಕ್ಕೆ ಕಲ್ಲನ್ನು ಮತ್ತೆ ಒಳಗೆ ತಂದರೆ ಓದುವವರು ದಾರಿ ತಪ್ಪುತ್ತಾರೆ.

ನನ್ನ ನಿಲುವು ಹಳೆಯದೇ. ನಾಮಪದ ಎಲ್ಲಿಂದ ಬೇಕಾದರೂ ಬರಲಿ, ಗ್ರೀಕಿನಿಂದ ‘ಎಲೆಕ್ಟ್ರಾನ್’ ಬಂದಿಲ್ಲವೇ. ಕ್ರಿಯಾಪದ ಮಾತ್ರ ಕನ್ನಡದ್ದಾಗಿರಲಿ. ಆಗು, ಕಾಣು, ಹಾಯು, ಸಿಗು ಇವುಗಳಲ್ಲಿ ನಮ್ಮ ವಿಭಕ್ತಿಗಳು ಸರಿಯಾಗಿ ಕೂರುತ್ತವೆ. ಸಂಸ್ಕೃತದ ನಾಮಪದಕ್ಕೆ ‘-ಇಸು’ ಹಚ್ಚಿ ಮಾಡಿದ ಎಷ್ಟೋ ಕ್ರಿಯಾಪದಗಳಲ್ಲಿ ಯಾರೋ ಬೇಕಂತಲೇ ಮಾಡಿದ ಹಾಗೆ ಕೇಳಿಸುತ್ತದೆ. ಎರವಲು ಬೇಡವೇ ಬೇಡ ಅನ್ನುವವರೂ ಎಲ್ಲದಕ್ಕೂ ಸಂಸ್ಕೃತವೇ ಇರಲಿ ಅನ್ನುವವರೂ ಈ ಕಡೆ ನೋಡುವುದೇ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಕೊನೆಯದಾಗಿ, ನಿಮ್ಮ ಎರಡನೇ ಫಲಕದಲ್ಲಿ ತಂತಿಯ ಚಿತ್ರದ ಕೆಳಗೆ “ಎಲೆಕ್ಟ್ರಾನುಗಳ ಜೊತೆ ಓಡುವವರಿಗೆ ಕಾಂತಕ್ಷೇತ್ರ ಇರುವುದಿಲ್ಲ” ಅಂತ ಇದೆ. ಇದು ಭಾಷೆಯ ತಪ್ಪಲ್ಲ, ವಿಷಯವೇ ತಪ್ಪು. ಒಂಟಿ ಆವೇಶಕ್ಕೆ ಹೇಳಿದ್ದನ್ನು ತಂತಿಗೆ ಹೇಳುವಂತಿಲ್ಲ. 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಸರಾಸರಿ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ತೆವಳುತ್ತವೆ. ಅವುಗಳ ಜೊತೆ ನೀವೂ ತೆವಳಿದಿರಿ ಅನ್ನಿ. ಆಗ ತಾಮ್ರದ ಧನ ಅಯಾನುಗಳು (ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳು) ನಿಮಗೆ ಹಿಂದಕ್ಕೆ ಸಾಗುತ್ತವೆ, ಅದೂ ಪ್ರವಾಹವೇ, ಕಾಂತಕ್ಷೇತ್ರ ಹಾಗೇ ಉಳಿಯುತ್ತದೆ. ಜೊತೆಗೆ ಮೊದಲು ಇಲ್ಲದ ವಿದ್ಯುತ್ ಕ್ಷೇತ್ರವೂ ಒಂದಿಷ್ಟು ಕಾಣಿಸಿಕೊಳ್ಳುತ್ತದೆ. ಆ ಸಾಲನ್ನು ತೆಗೆದು “ಎಲೆಕ್ಟ್ರಾನುಗಳ ಜೊತೆ ಸಾಗುವವರಿಗೆ ಕಾಂತಕ್ಷೇತ್ರದ ಜೊತೆಗೆ ವಿದ್ಯುತ್ ಕ್ಷೇತ್ರವೂ ಕಾಣುತ್ತದೆ” ಅಂತ ಹಾಕಿ. ಜಾಗ ಜಾಸ್ತಿ ಹಿಡಿಯುತ್ತದೆ ಅಂದರೆ ಅಕ್ಷರ ಸಣ್ಣದು ಮಾಡಿ, ಸಾಲು ಮೊಟಕು ಮಾಡಬೇಡಿ.