ಬ್ರಾಡ್‌ಕಾಸ್ಟ್ ರೂಟರ್ ದಾಟುತ್ತದೋ ಇಲ್ಲವೋ?

ಗೋಕುಲ_ರೋಡ್: ಹುಬ್ಬಳ್ಳಿಯಲ್ಲಿ ನಮ್ಮ ಆಫೀಸಿಗೆ ಎರಡು ಮಹಡಿ. ಕೆಳಗೆ 192.168.10.0/24, ಮೇಲೆ 192.168.20.0/24, ನಡುವೆ ಸಿಸ್ಕೋ ರೂಟರ್. ಬೆಳಿಗ್ಗೆ ಕೆಳಗೆ ಕೂತೇ ಮೇಲಿನ ಕಂಪ್ಯೂಟರುಗಳನ್ನು ವೇಕ್ ಆನ್ ಲ್ಯಾನ್‌ನಿಂದ (ಪ್ಯಾಕೆಟ್ ಕಳಿಸಿ ಆಫ್ ಆದ ಕಂಪ್ಯೂಟರ್ ಎಬ್ಬಿಸುವ ವಿಧಾನ) ಆನ್ ಮಾಡಬೇಕು. 255.255.255.255ಗೆ ಕಳಿಸಿದರೆ ಕೆಳಗಿನವು ಮಾತ್ರ ಏಳುತ್ತವೆ. 192.168.20.255ಗೆ ಕಳಿಸಿದರೆ ಯಾವುದೂ ಏಳುವುದಿಲ್ಲ. ಎರಡಕ್ಕೂ ಕಾರಣ ಒಂದೇನಾ?

ಸಪ್ತಾಪುರ_ಲ್ಯಾಬ್: ಒಂದೇ. ಬ್ರಾಡ್‌ಕಾಸ್ಟ್, ಅಂದರೆ ಒಂದು ನೆಟ್‌ವರ್ಕಿನ ಎಲ್ಲರಿಗೂ ಒಟ್ಟಿಗೆ ಕಳಿಸುವ ಪ್ಯಾಕೆಟ್, ರೂಟರಿನ ಹೊಸ್ತಿಲು ದಾಟುವುದಿಲ್ಲ. ನಾನು ಧಾರವಾಡದಲ್ಲಿ ಹುಡುಗರಿಗೆ ಕಲಿಸುವುದೂ ಇದನ್ನೇ.

ಗದಗ_ಈಥರ್ನೆಟ್: ಸರ್, ಮೊದಲನೆಯದಕ್ಕೆ ನಿಮ್ಮ ಮಾತು ಸರಿ. 255.255.255.255 ಅನ್ನು ಯಾವ ರೂಟರೂ ಮುಂದಕ್ಕೆ ಕಳಿಸುವುದಿಲ್ಲ. ಎರಡನೆಯದು ಬೇರೆ. ಕೆಳಗಿನ ಕಂಪ್ಯೂಟರ್ ಕಣ್ಣಿಗೆ ಅದು ಬ್ರಾಡ್‌ಕಾಸ್ಟೇ ಅಲ್ಲ. ಅದಕ್ಕೆ ಗೊತ್ತಿರುವುದು ತನ್ನ 192.168.10.255 ಮಾತ್ರ. 20.255 ಅಂದರೆ ಬೇರೆ ನೆಟ್‌ವರ್ಕಿನ ಒಂದು ವಿಳಾಸ ಅಷ್ಟೇ, ಹಾಗಾಗಿ ಗೇಟ್‌ವೇ, ಅಂದರೆ ರೂಟರಿನ, ಕೈಗೆ ಕೊಟ್ಟುಬಿಡುತ್ತದೆ. ನಡುವೆ ಹತ್ತು ರೂಟರ್ ಇದ್ದರೂ ಎಲ್ಲವೂ ಮಾಮೂಲಿ ಪ್ಯಾಕೆಟ್ಟಿನಂತೆಯೇ ಸಾಗಿಸುತ್ತವೆ. 20ರ ನೆಟ್‌ವರ್ಕಿಗೆ ನೇರ ಜೋಡಿಸಿದ ಕೊನೆಯ ರೂಟರಿಗೆ ಮಾತ್ರ ಅಲ್ಲಿನ ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕಿನದು ಅಂತ ಹೇಳುವ /24ರಂಥ ಗುರುತು) ಖಚಿತವಾಗಿ ಗೊತ್ತು. ಎಲ್ಲರಿಗೂ ಹಂಚಬೇಕೋ, ಬಿಸಾಡಬೇಕೋ ಅನ್ನುವುದು ಅಲ್ಲೇ ತೀರ್ಮಾನ.

ಸಪ್ತಾಪುರ_ಲ್ಯಾಬ್: ಕೊನೆಗೆ ಬಿಸಾಡುತ್ತದಲ್ವಾ? ಹಾಗಿದ್ದ ಮೇಲೆ ಈ ವ್ಯತ್ಯಾಸದಿಂದ ಏನು ಪ್ರಯೋಜನ?

ಗದಗ_ಈಥರ್ನೆಟ್: ಪ್ರಯೋಜನ ಇದೆ. ಬಿಸಾಡುವುದು ಒಂದು ಸೆಟ್ಟಿಂಗ್, ಬದಲಾಯಿಸಬಹುದು. 1995ರ ಆರ್‌ಎಫ್‌ಸಿ 1812 (ಇಂಟರ್‌ನೆಟ್ ನಿಯಮಗಳ ದಾಖಲೆ) ಪ್ರಕಾರ ರೂಟರ್ ಇದನ್ನು ದಾಟಿಸಲೇಬೇಕಿತ್ತು, ಬೇಡವೆಂದರೆ ನಾವು ಬಂದ್ ಮಾಡಬೇಕಿತ್ತು. ಆಮೇಲೆ ಸ್ಮರ್ಫ್ ದಾಳಿ ಶುರುವಾಯಿತು. ದಾಳಿ ಮಾಡುವವನು ಕಳಿಸಿದವರ ಜಾಗದಲ್ಲಿ ಬಲಿಪಶುವಿನ ವಿಳಾಸ ಹಾಕಿ, ಯಾವುದೋ ದೊಡ್ಡ ನೆಟ್‌ವರ್ಕಿನ ಬ್ರಾಡ್‌ಕಾಸ್ಟ್ ವಿಳಾಸಕ್ಕೆ ಪಿಂಗ್ (ಇದ್ದೀಯಾ ಅಂತ ಕೇಳುವ ಪ್ಯಾಕೆಟ್) ಕಳಿಸುತ್ತಿದ್ದ. ಒಳಗೆ ಹೋಗುವುದು ಒಂದು ಪ್ಯಾಕೆಟ್. ಅಲ್ಲಿ ನೂರು ಯಂತ್ರ ಉತ್ತರ ಕೊಟ್ಟರೆ ನೂರೂ ಆ ಬಡಪಾಯಿಯ ಮೇಲೆ ಬೀಳುತ್ತಿದ್ದವು. ಅದಕ್ಕೇ 1999ರಲ್ಲಿ ಆರ್‌ಎಫ್‌ಸಿ 2644 ಬಂದು ನಿಯಮ ತಿರುಗಿಸಿತು. ಈಗ ಮೊದಲಿನಿಂದಲೇ ಬಂದ್, ಬೇಕಾದವರು ತೆರೆಯಬೇಕು.

ಸಪ್ತಾಪುರ_ಲ್ಯಾಬ್: ಅಪಾಯ ಅಷ್ಟಿದ್ದರೆ 255ರಲ್ಲಿ ಮುಗಿಯುವ ವಿಳಾಸಗಳನ್ನೆಲ್ಲ ಫೈರ್‌ವಾಲ್‌ನಲ್ಲೇ ತಡೆದುಬಿಡಿ.

ಗದಗ_ಈಥರ್ನೆಟ್: ಬೇಡ ಸರ್. 192.168.10.0/23 ತೆಗೆದುಕೊಳ್ಳಿ. ಅಲ್ಲಿ ಬ್ರಾಡ್‌ಕಾಸ್ಟ್ 192.168.11.255. 192.168.10.255 ಯಾವುದೋ ಪ್ರಿಂಟರಿನ ವಿಳಾಸ ಆಗಿರಬಹುದು. ಅದೇ 192.168.10.0/26 ಆದರೆ ಬ್ರಾಡ್‌ಕಾಸ್ಟ್ 63ಕ್ಕೇ ಬರುತ್ತದೆ, ನಿಮ್ಮ ತಡೆ ಅದನ್ನು ಹಿಡಿಯುವುದೇ ಇಲ್ಲ. ಮಾಸ್ಕ್ ನೋಡದೆ ಕೊನೆಯ ಅಂಕಿ ನೋಡಿದರೆ ಉಪಯೋಗವಿಲ್ಲ.

ಹಾವೇರಿ_ಕೇಬಲ್: ಇನ್ನೊಂದು ಮಾತು. ನಮ್ಮ ಕಡೆ ಅನೇಕರು ಒಂದೇ ಸಾದಾ ಸ್ವಿಚ್ಚಿಗೆ ಎರಡು ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಕೊಟ್ಟು, ಬ್ರಾಡ್‌ಕಾಸ್ಟ್ ಬೇರೆಯಾಯಿತು ಅಂತ ಸುಮ್ನೆ ಕೂತಿರುತ್ತಾರೆ. ಆಗಿರುವುದಿಲ್ಲ. ಅಂಥ ಲ್ಯಾಬಿನಲ್ಲಿ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ತೆರೆದು ನೋಡಿ. 192.168.10.7ರಲ್ಲಿ ಕೂತವರ ಪರದೆಯ ಮೇಲೂ 'ಯಾರ ಬಳಿ ಇದೆ 192.168.20.1' ಅಂತ ಐಪಿಗೆ ತಕ್ಕ ಮ್ಯಾಕ್ (ಯಂತ್ರದ ಹಾರ್ಡ್‌ವೇರ್ ವಿಳಾಸ) ಕೇಳುವ ಆರ್ಪ್ ಸಾಲುಗಳು ಒಂದರ ಹಿಂದೆ ಒಂದು ಓಡುತ್ತಿರುತ್ತವೆ. ಸ್ವಿಚ್ ಐಪಿ ನೋಡುವುದೇ ಇಲ್ಲ. ಎಲ್ಲ ಎಫ್ ಇರುವ ಮ್ಯಾಕ್ ವಿಳಾಸ ಕಂಡರೆ, ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲಕ್ಕೂ ಕಳಿಸುತ್ತದೆ. ಬೇರೆ ಮಾಡಬೇಕಾದರೆ ಒಂದೇ ಸ್ವಿಚ್ಚನ್ನು ಒಳಗೇ ಭಾಗ ಮಾಡುವ ವಿಲ್ಯಾನ್ ಬೇಕು, ಇಲ್ಲ ಬೇರೆ ಸ್ವಿಚ್.

ಸಪ್ತಾಪುರ_ಲ್ಯಾಬ್: ಬಂದರೂ ಆ ಯಂತ್ರ ಅದನ್ನು ಎಸೆಯುತ್ತದೆ ತಾನೇ?

ಹಾವೇರಿ_ಕೇಬಲ್: ಓದಿದ ಮೇಲೆ ಎಸೆಯುತ್ತದೆ. ಅಷ್ಟರಲ್ಲಿ ಕೇಬಲ್ ಮೇಲೆ ಓಡಿ ಆಗಿರುತ್ತದೆ. ಅದೂ ಆರ್ಪ್ ಆದರೆ. 255.255.255.255ಗೆ ಬಂದದ್ದನ್ನು ಎಸೆಯುವುದೂ ಇಲ್ಲ, ಯಾವ ಸಬ್‌ನೆಟ್ ಆದರೂ ತನಗೇ ಬಂದದ್ದು ಅಂತ ತೆಗೆದುಕೊಳ್ಳುತ್ತದೆ. ಒಂದೇ ಸ್ವಿಚ್ಚಿನಲ್ಲಿ ಎರಡು ಡಿಎಚ್‌ಸಿಪಿ ಸರ್ವರ್ (ಕಂಪ್ಯೂಟರುಗಳಿಗೆ ಐಪಿ ಹಂಚುವವು) ಇಟ್ಟರೆ ಇವರ ಕಂಪ್ಯೂಟರಿಗೆ ಅವರ ವಿಳಾಸ ಬರುವುದು ಇದಕ್ಕೇ.

ಗೋಕುಲ_ರೋಡ್: ನಮ್ಮಲ್ಲಿ ಡಿಎಚ್‌ಸಿಪಿ ಸರ್ವರ್ ಕೆಳಗೆ ಒಂದೇ ಇದೆ. ಮೇಲಿನವರಿಗೂ ವಿಳಾಸ ಬರುತ್ತಿದೆಯಲ್ಲ?

ಗದಗ_ಈಥರ್ನೆಟ್: ರೂಟರಿನಲ್ಲಿ ಯಾರೋ ರಿಲೇ ಹಾಕಿರುತ್ತಾರೆ. ಆಗ ರೂಟರ್ ಬ್ರಾಡ್‌ಕಾಸ್ಟ್ ದಾಟಿಸುವುದಿಲ್ಲ. ಕೇಳಿಸಿಕೊಂಡು, ಮೇಲಿನ ಕಡೆಯ ತನ್ನ ವಿಳಾಸವನ್ನು ಅದರಲ್ಲಿ ಬರೆದು, ನೇರ ಸರ್ವರಿಗೆ ಕಳಿಸುತ್ತದೆ. ಆ ವಿಳಾಸ ನೋಡಿಯೇ ಸರ್ವರ್ 20ರ ಸಾಲಿನಿಂದ ಐಪಿ ಕೊಡುತ್ತದೆ.

ಗೋಕುಲ_ರೋಡ್: ಸರಿ. ವೇಕ್ ಪ್ಯಾಕೆಟ್ಟನ್ನೂ ನೇರ 192.168.20.15ಕ್ಕೇ ಕಳಿಸಿದರೆ?

ಹಾವೇರಿ_ಕೇಬಲ್: ಆಫ್ ಮಾಡಿದ ತಕ್ಷಣ ಆದರೆ ಎದ್ದೀತು. ರಾತ್ರಿ ಕಳೆದರೆ ರೂಟರಿನ ಆರ್ಪ್ ಪಟ್ಟಿಯಿಂದ ಅದರ ಮ್ಯಾಕ್ ಅಳಿಸಿಹೋಗಿರುತ್ತದೆ. ರೂಟರ್ ಮತ್ತೆ ಕೇಳುತ್ತದೆ, ಮಲಗಿದ ಕಂಪ್ಯೂಟರ್ ಉತ್ತರ ಕೊಡುವುದು ಅನುಮಾನ. ಅದಕ್ಕೇ ಬ್ರಾಡ್‌ಕಾಸ್ಟ್ ಬೇಕು.

ಗದಗ_ಈಥರ್ನೆಟ್: ಮೇಲಿನ ಮಹಡಿಯ ಇಂಟರ್‌ಫೇಸಿನಲ್ಲಿ ಡೈರೆಕ್ಟೆಡ್ ಬ್ರಾಡ್‌ಕಾಸ್ಟ್ (ಬೇರೆ ನೆಟ್‌ವರ್ಕಿನಿಂದ 20.255ಗೆ ಬಂದದ್ದನ್ನು ಹಂಚುವ ಸೆಟ್ಟಿಂಗ್) ತೆರೆಯಿರಿ. ಜೊತೆಗೆ ಆಕ್ಸೆಸ್ ಲಿಸ್ಟ್ (ಯಾರನ್ನು ಬಿಡಬೇಕು ಅನ್ನುವ ಪಟ್ಟಿ) ಹಾಕಿ, ನಿಮ್ಮ ಒಂದೇ ಕಂಪ್ಯೂಟರಿನಿಂದ, ವೇಕ್ ಪ್ಯಾಕೆಟ್ ಹೋಗುವ ಯುಡಿಪಿ ಪೋರ್ಟ್ 9ಕ್ಕೆ ಮಾತ್ರ ಬಿಡಿ. ಲಿಸ್ಟ್ ಇಲ್ಲದೆ ಖಂಡಿತ ತೆರೆಯಬೇಡಿ.

ಸಪ್ತಾಪುರ_ಲ್ಯಾಬ್: ನಾನಾದರೆ ಈಗಲೂ ತೆರೆಯುವುದಿಲ್ಲ. ಮೇಲೆ ಸದಾ ಆನ್ ಇರುವ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಅದಕ್ಕೆ ಲಾಗಿನ್ ಆಗಿ ಅಲ್ಲಿಂದಲೇ ಕಳಿಸುತ್ತೇನೆ. ನಾಳೆ ಬೇರೆಯವರು ಬಂದು ಲಿಸ್ಟ್ ಅಳಿಸಿದರೆ ಯಾರು ನೋಡುತ್ತಾರೆ?

ಗೋಕುಲ_ರೋಡ್: ಮೇಲೆ ಹಾಜರಾತಿ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್ ಯಾವಾಗಲೂ ಆನ್ ಇರುತ್ತದೆ. ಅದರಿಂದಲೇ ಕಳಿಸುತ್ತೇನೆ. ರೂಟರ್ ಮುಟ್ಟುವುದಿಲ್ಲ.